ಎಎಂಟಿ ಕಾರಲ್ಲಿ ಗಕ್ಕನೆ ಬ್ರೇಕ್ ಹಾಕುವಾಗ ಗೇರು ಎನ್‌ಗೆ (ನ್ಯೂಟ್ರಲ್‌ಗೆ) ತರಬೇಕಾ?

ಕುಂದವಾಡ_ಕೆರೆ:
ಮ್ಯಾನ್ಯುಯಲ್ ಕಾರಲ್ಲಿ ಗಕ್ಕನೆ ನಿಲ್ಲಿಸಬೇಕಾದ್ರೆ ಬ್ರೇಕ್ ಜೊತೆ ಕ್ಲಚ್ಚೂ ತುಳಿತೀವಿ. ಎಎಂಟಿಯಲ್ಲಿ (ಗೇರು ತಾನೇ ಬದಲಾಗೋ ಕಾರು) ಕ್ಲಚ್ ಪೆಡಲ್ಲೇ ಇಲ್ಲ. ದಾವಣಗೆರೆ–ಚಿತ್ರದುರ್ಗ ಹೈವೇಲಿ 80ರಲ್ಲಿ ಹೋಗುವಾಗ ಎಮ್ಮೆ ಅಡ್ಡ ಬಂತು ಅಂದ್ಕೊಳ್ಳಿ. ಡಿ (ಡ್ರೈವ್) ಯಲ್ಲೇ ಪೂರ್ತಿ ಬ್ರೇಕ್ ತುಳಿಯೋದಾ, ಎನ್‌ಗೆ ತಳ್ಳಿ ತುಳಿಯೋದಾ? ಇಂಜಿನ್ ಆಫ್ ಆಗಲ್ವಾ? ಗೇರ್‌ಬಾಕ್ಸಿಗೆ ಏಟು ಬೀಳಲ್ವಾ?

ಸ್ಪ್ಯಾನರ್_ಹರಿಹರ:
ಲಿವರ್ ಮುಟ್ಲೇಬೇಡ್ರಿ. ಡಿ ಯಲ್ಲೇ ಇರಲಿ, ಬಲಗಾಲಲ್ಲಿ ಬ್ರೇಕ್ ಪೂರ್ತಿ ಒತ್ತಿ ಕಾರು ನಿಲ್ಲೋ ತನಕ ಹಿಡ್ಕೊಳ್ಳಿ.

ಎಎಂಟಿ ಅಂದ್ರೆ ಒಳಗೆ ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸು, ಅದೇ ಕ್ಲಚ್ ಪ್ಲೇಟು. ನಿಮ್ಮ ಎಡಗಾಲಿನ ಕೆಲಸಾನ ಆಕ್ಚುಯೇಟರ್ ಮಾಡುತ್ತೆ, ಅಷ್ಟೇ. ಕಂಟ್ರೋಲ್ ಯೂನಿಟ್ಟು ಇಂಜಿನ್ ಆರ್‌ಪಿಎಂ, ಗಾಡಿ ಸ್ಪೀಡು ಎರಡನ್ನೂ ನೋಡ್ತಾ ಇರುತ್ತೆ. ಆರ್‌ಪಿಎಂ ಐಡಲ್ ಹತ್ರ ಬಿದ್ದ ಕೂಡಲೇ ಕ್ಲಚ್ ಬಿಡಿಸುತ್ತೆ, ಹಾಗಾಗಿ ಇಂಜಿನ್ ಆಫ್ ಆಗಲ್ಲ. ಐದರಿಂದ ನಾಲ್ಕು, ಮೂರು ಅಂತ ಮೆಟ್ಟಿಲಿಳಿಯೋದೂ ಬೇಕಿಲ್ಲ, ನೇರ ಕೆಳಗಿನ ಗೇರಿಗೆ ಹಾರುತ್ತೆ.

80ರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಎನ್‌ಗೆ ತಂದ ಮೇಲೆ ತುಳಿಯೋಣ ಅಂತ ಅರ್ಧ ಸೆಕೆಂಡ್ ಕಾದ್ರೂ 11 ಮೀಟರ್ ಹೋಯ್ತು. ಕೈ ಸ್ಟೇರಿಂಗ್ ಬಿಟ್ಟಿರೋದು ಬೇರೆ. ಎಮ್ಮೆ ತಪ್ಪಿಸಿ ಮುಂದೆ ಹೋಗಬೇಕಾದ್ರೆ ಎನ್‌ನಲ್ಲಿ ಎಕ್ಸಲೇಟರ್ ಒತ್ತಿದ್ರೆ ಬರೀ ಸದ್ದು.

ಡಿ ಯಲ್ಲಿದ್ರೂ ಒಂದು ಮಾತು ನೆನಪಿರಲಿ. ಜೋರಾಗಿ ಬ್ರೇಕ್ ಹಾಕಿ ತಕ್ಷಣ ಎಕ್ಸಲೇಟರ್ ಒತ್ತಿದ್ರೆ ಗೇರ್ ಕೂರೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ. ಲಾರಿ ಸಂದಿಯಲ್ಲಿ ನುಸುಳೋ ಲೆಕ್ಕ ಎಎಂಟಿಯಲ್ಲಿ ಬೇಡ.

ಮೆಕ್ಕೆಜೋಳ_ಸಾಲು:
ಮೇಲಿನವರು ಹೇಳಿದ್ದು ಒಣ ಡಾಂಬರಿಗೆ ಸರಿ. ಒಳ್ಳೆ ಟೈರಿದ್ರೆ 80ರಿಂದ ನಿಲ್ಲೋಕೆ ಬ್ರೇಕಿಗೇ ಸುಮಾರು 35 ಮೀಟರ್, ಕಾಲು ಪೆಡಲಿಗೆ ಬರೋ ಒಂದು ಸೆಕೆಂಡ್ ಸೇರಿಸಿದ್ರೆ 57. ಸುಗ್ಗೀಲಿ ನಮ್ಮ ಕಡೆ ಸರ್ವಿಸ್ ರೋಡಲ್ಲಿ ಮೆಕ್ಕೆಜೋಳ ಹರವಿರ್ತಾರಲ್ಲ, ಅಲ್ಲಿ ಈ ಲೆಕ್ಕ ನಡೆಯಲ್ಲ. ಕಾಳು ಟೈರ್ ಕೆಳಗೆ ಗೋಲಿ ಥರ ಉರುಳುತ್ತೆ. ಎಬಿಎಸ್ ಚಕ್ರ ಲಾಕ್ ಆಗದಂಗೆ ಬಿಟ್ಟು ಬಿಟ್ಟು ಹಿಡಿಯುತ್ತೆ, ಕಾರು ಇನ್ನೂ ದೂರ ಜಾರುತ್ತೆ. ಆದ್ರೆ ಸ್ಟೇರಿಂಗ್ ಮಾತು ಕೇಳುತ್ತೆ, ಅದೇ ಎಬಿಎಸ್ ಲಾಭ. ಪೆಡಲ್ ಗಡಗಡ ನಡುಗಿದ್ರೆ ಹೆದರಿ ಕಾಲು ಎತ್ತಬೇಡಿ, ಪಂಪ್ ಮಾಡಬೇಡಿ. 2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ. ಅದಕ್ಕಿಂತ ಹಳೇದಾದ್ರೆ ಇದೆಯಾ ಅಂತ ಮೊದಲು ನೋಡ್ಕೊಳ್ಳಿ.

ಕುಂದವಾಡ_ಕೆರೆ:
ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕುತ್ತಲ್ಲ, ಅದಕ್ಕೇನು? ಬ್ರೇಕೇ ಹಿಡೀದಿದ್ರೆ?

ಸ್ಪ್ಯಾನರ್_ಹರಿಹರ:
ಎಡಗಾಲು ಡೆಡ್ ಪೆಡಲ್ (ಎಡಗಡೆ ಸುಮ್ನೆ ಕಾಲಿಡೋ ಜಾಗ) ಮೇಲಿರಲಿ. ಕ್ಲಚ್ ತುಳಿಯೋ ಕಾಲಿಗೆ ಹದ ಗೊತ್ತಿಲ್ಲ. ಅಗಲದ ಬ್ರೇಕ್ ಪೆಡಲ್ ಸಿಕ್ಕಿದ್ರೆ ಪೂರ್ತಿ ಅದುಮಿಬಿಡುತ್ತೆ, ಹಿಂದಿನ ಗಾಡಿ ಬಂದು ಗುದ್ದುತ್ತೆ.

ಬ್ರೇಕ್ ಕೈಕೊಟ್ರೆ ಎಂ ಮೋಡಿಗೆ (ಗೇರ್ ನಾವೇ ಬದಲಿಸೋ ಮೋಡು) ತಂದು ಒಂದೊಂದೇ ಗೇರ್ ಇಳಿಸಿ. ಇಂಜಿನ್ ಮಿತಿ ಮೀರಿ ಸುತ್ತೋ ಗೇರನ್ನ ಯೂನಿಟ್ಟೇ ಒಪ್ಪಲ್ಲ, ಸ್ಪೀಡ್ ಇಳಿದ ಮೇಲೆ ಮತ್ತೆ ಕೇಳಿ. ಜೊತೆಗೆ ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡಿದು ಮೆಲ್ಲಗೆ ಎಳೀರಿ, ಒಮ್ಮೆಲೇ ಎಳೆದ್ರೆ ಹಿಂದಿನ ಚಕ್ರ ಜಾರುತ್ತೆ. ಇಂಜಿನ್ನೇ ಆಫ್ ಆದ್ರೆ ಬ್ರೇಕ್ ಹಗುರ ಮಾಡೋ ಬೂಸ್ಟರ್‌ನಲ್ಲಿ ಎರಡು ಮೂರು ತುಳಿತಕ್ಕಾಗೋಷ್ಟು ವ್ಯಾಕ್ಯೂಮ್ ಉಳಿದಿರುತ್ತೆ. ಒಂದೇ ಸಲ ಒತ್ತಿ ಹಿಡೀರಿ. ಕೀ ಮಾತ್ರ ಪೂರ್ತಿ ತಿರುಗಿಸಿ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗುತ್ತೆ.

ಪ್ರತಿ ಸಲ ನಿಲ್ಲೋ ಕೊನೇ ಗಳಿಗೇಲಿ ಕಾರು ಗುಡುಗುಡು ಅದುರಿದ್ರೆ ಕ್ಲಚ್ ಸರಿಯಾಗಿ ಬಿಡ್ತಾ ಇಲ್ಲ ಅಂತ. ಗ್ಯಾರೇಜಲ್ಲಿ ಸ್ಕ್ಯಾನರ್ (ಕಾರಿನ ದೋಷ ಓದೋ ಯಂತ್ರ) ಹಾಕಿಸಿ. ಹೈಡ್ರಾಲಿಕ್ ಆಕ್ಚುಯೇಟರ್ ಇದ್ರೆ ಅದರ ಆಯಿಲ್ ಮಟ್ಟವೂ ನೋಡಿಸಿ. ಅದಕ್ಕೆ ಬ್ರೇಕ್ ಆಯಿಲ್ ಸುರಿಯಬೇಡಿ, ಕೈಪಿಡೀಲಿ ಬರೆದಿರೋದೇ ಹಾಕಬೇಕು.

ಗಾಳಿಯಂತ್ರ_ದುರ್ಗ:
ಬೆಳಗ್ಗೆ ಖಾಲಿ ಇರೋ ನೇರ ರೋಡಲ್ಲಿ, ಕನ್ನಡಿ ನೋಡ್ಕೊಂಡು, 40ರಲ್ಲಿ ಮೂರ್ನಾಲ್ಕು ಸಲ ಪೂರ್ತಿ ಬ್ರೇಕ್ ಹಾಕಿ ನೋಡಿ. ಅದಕ್ಕೂ ಮುಂಚೆ ಸೀಟಿನ ಕೆಳಗಿನ ನೀರಿನ ಬಾಟ್ಲಿ ತೆಗೆದಿಡಿ. ಬ್ರೇಕ್ ಹೊಡೆತಕ್ಕೆ ಅದು ಮುಂದಕ್ಕುರುಳಿ ಪೆಡಲ್ ಅಡಿಗೆ ಸೇರಿದ್ರೆ ಎಷ್ಟು ಒತ್ತಿದ್ರೂ ಪೆಡಲ್ ಕೆಳಗಿಳಿಯಲ್ಲ.