ಜೋಧ್‌ಪುರಕ್ಕೆ ಪುಟ್ಟಿಯನ್ನು ಕಳಿಸು, ತಮ್ಮಾ

ತಮ್ಮಾ, ನೀನು ರಾತ್ರಿ ನಮ್ಮ ಮನೆಯ ಗುಂಪಿಗೆ ಕಳಿಸಿದ ಧ್ವನಿ ಸಂದೇಶವನ್ನು ಬೆಳಿಗ್ಗೆ ಎದ್ದ ಕೂಡಲೇ ಕೇಳಿದೆ. ಪುಟ್ಟಿಗೆ ಜೋಧ್‌ಪುರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಆದರೆ ಕುಡಿಯುವ ನೀರಿಗೂ ಗತಿಯಿಲ್ಲದ ಮರಳುಗಾಡಿಗೆ ಮಗಳನ್ನು ಕಳಿಸುವುದಿಲ್ಲ ಎಂದಿದ್ದೀಯ. ಅದರ ಕೆಳಗೆ ಚಿಕ್ಕಪ್ಪನ ಮಗ, ಬೆಂಗಳೂರಿನಲ್ಲೇ ಏನಾದರೂ ಹುಡುಕಿಕೊಳ್ಳಲಿ ಎಂದು ಬರೆದಿದ್ದಾನೆ. ನಾನೂ ನಿನ್ನ ಭಾವನೂ ಆ ಊರಿನಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿದವರು. ಬರೆಯುತ್ತಾ ಕುಳಿತರೆ ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಪೂರ್ತಿ ಕೇಳು, ಪುಟ್ಟಿಗೂ ಕೇಳಿಸು.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 360 ಮಿಲಿಮೀಟರ್. ಹೆಚ್ಚುಕಡಿಮೆ ಎಲ್ಲವೂ ಮುಂಗಾರಿನ ಎರಡು ಮೂರು ತಿಂಗಳಲ್ಲೇ ಬಿದ್ದು ಮುಗಿಯುತ್ತದೆ. ಚಳ್ಳಕೆರೆ ಕಡೆಯ ಹೊಲಗಳನ್ನು ನೋಡುತ್ತಾ ಬೆಳೆದ ನಾವು ಇದಕ್ಕೆ ಹೆದರಬೇಕಾಗಿಲ್ಲ. ಊರಿಗೆ ಕುಡಿಯುವ ನೀರು ಬರುವುದು ಹಿಮಾಲಯದ ಕಡೆಯಿಂದ. ಪಂಜಾಬಿನ ಹರಿಕೆ ಎಂಬಲ್ಲಿ ಬಿಯಾಸ್ ಮತ್ತು ಸಟ್ಲೆಜ್ ಕೂಡುತ್ತವೆ. ಅಲ್ಲಿಂದ ಇಂದಿರಾ ಗಾಂಧಿ ಕಾಲುವೆ ಹೊರಡುತ್ತದೆ. ಅದರಿಂದ ಕವಲೊಡೆದ ರಾಜೀವ್ ಗಾಂಧಿ ಏತ ಕಾಲುವೆ ಇನ್ನೂ ಸುಮಾರು 200 ಕಿಲೋಮೀಟರ್ ಹಾದು, ಹಂತ ಹಂತವಾಗಿ ಪಂಪುಗಳಿಂದ ಮೇಲೇರಿ ಜೋಧ್‌ಪುರದ ಕಾಯ್ಲಾನಾ, ತಖತ್‌ಸಾಗರ ಕೆರೆಗಳನ್ನು ಸೇರುತ್ತದೆ. ನಲ್ಲಿಯಲ್ಲಿ ಬರುವುದು ಆ ನೀರು. ಆದ್ದರಿಂದ ಕುಡಿಯಲು ಇಲ್ಲ ಎನ್ನುವುದು ಸುಳ್ಳು. ಎಲ್ಲೋ ದೂರದಲ್ಲಿ ಒಂದು ಬಾಗಿಲು ಮುಚ್ಚಿದರೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಎದೆ ಹೊಡೆದುಕೊಳ್ಳುತ್ತದೆ ಎನ್ನುವುದು ನಿಜ.

ಆ ಬಾಗಿಲು ಬೇಸಿಗೆಯಲ್ಲಿ ಮುಚ್ಚುತ್ತದೆ. ಕಾಲುವೆಯ ದುರಸ್ತಿಗೆಂದು ಮಾರ್ಚ್ ಕೊನೆಯಿಂದ ಮೇವರೆಗಿನ ಅವಧಿಯಲ್ಲಿ ನೀರು ನಿಲ್ಲಿಸುತ್ತಾರೆ. ಊರಿನವರು ಅದನ್ನು ನಹರ್‌ಬಂದಿ ಎನ್ನುತ್ತಾರೆ. 2021ರಲ್ಲಿ ಅದು ಎರಡು ತಿಂಗಳಿಗೂ ಮೀರಿ ಎಳೆಯಿತು. ನಲ್ಲಿ ನೀರಿನ ಸರದಿಯ ನಡುವೆ ದಿನಗಳು ಹೆಚ್ಚುತ್ತವೆ, ಒತ್ತಡ ಕುಗ್ಗುತ್ತದೆ, ಟ್ಯಾಂಕರಿನವರ ಬೆಲೆ ಏರುತ್ತದೆ. ಪುಟ್ಟಿ, ಈ ಎರಡು ತಿಂಗಳನ್ನು ಲೆಕ್ಕದಲ್ಲಿಟ್ಟುಕೊಂಡರೆ ಉಳಿದ ಹತ್ತು ತಿಂಗಳು ಹೇಗೋ ಸಾಗುತ್ತವೆ.

ಹೋದ ಹೊಸದರಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಅಮ್ಮ ಕಲಿಸಿದಂತೆ ಬೆಳಗ್ಗೆ ಬಾಗಿಲಿಗೆ ಎರಡು ಕೊಡ ನೀರು ಹಾಕಿ, ಗುಡಿಸಿ, ರಂಗೋಲಿ ಇಡಲು ಕುಳಿತೆ. ಎದುರು ಮನೆಯ ಅಜ್ಜಿ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದರು. ಬೀದಿಯವರೆಲ್ಲ ಅವರನ್ನು ಮಾಸಾ ಎಂದೇ ಕರೆಯುತ್ತಿದ್ದರು. ಅವರು ಬೈಯಲಿಲ್ಲ. ನೀರು ಹರಿದು ಹೋದ ಒದ್ದೆ ಗೆರೆಯನ್ನೇ ನೋಡುತ್ತಾ ತಮ್ಮ ಮಾರವಾಡಿಯಲ್ಲಿ ಏನೋ ಹೇಳಿದರು. ನಿನ್ನ ಭಾವ ಸಂಜೆ ಅದರ ಅರ್ಥ ಬಿಡಿಸಿದರು: ತುಪ್ಪ ಚೆಲ್ಲಿದರೆ ನನ್ನದೇನೂ ಹೋಗದು, ನೀರು ಚೆಲ್ಲಿದರೆ ನನ್ನ ಜೀವ ಸುಡುತ್ತದೆ. ಅಲ್ಲಿನವರ ಹಳೆಯ ಗಾದೆಯಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಒಂದು ಚೊಂಬು ನೀರನ್ನು ಕೈಯಿಂದ ಚಿಮುಕಿಸಿ, ಅಷ್ಟೇ ಜಾಗದಲ್ಲಿ ಚಿಕ್ಕ ಎಳೆ ರಂಗೋಲಿ ಇಟ್ಟೆ. ಅದನ್ನು ನೋಡಲು ಮಾಸಾ ತಾವಾಗಿಯೇ ಬಂದರು. ಹನ್ನೆರಡು ವರ್ಷದ ಸ್ನೇಹ ಅಲ್ಲಿಂದ ಶುರುವಾಯಿತು.

ಅವರಿಂದಲೇ ಕಲಿತೆ. ತರಕಾರಿ ತೊಳೆದ ನೀರು ತುಳಸಿಗೆ. ಶುದ್ಧೀಕರಣ ಯಂತ್ರದ ಕೊಳವೆಯಿಂದ ಹೊರಬೀಳುವ ನೀರು ಬಕೆಟ್ಟಿಗೆ, ಅಲ್ಲಿಂದ ನೆಲ ಒರೆಸಲು. ಬಟ್ಟೆಯ ಕೊನೆಯ ಜಾಲಾಟದ ನೀರು ಶೌಚಾಲಯಕ್ಕೆ. ಮೇ ತಿಂಗಳಲ್ಲಿ ಮೇಲಿನ ತೊಟ್ಟಿಯ ನೀರು ಮಧ್ಯಾಹ್ನಕ್ಕೆ ಮೈ ಸುಡುವಷ್ಟು ಕಾಯುತ್ತದೆ, ಆದ್ದರಿಂದ ಸ್ನಾನದ ಬಕೆಟ್ ಹಿಂದಿನ ರಾತ್ರಿಯೇ ತುಂಬಿಟ್ಟಿರಬೇಕು. ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿನ ಒಣ ಸೆಕೆಗೆ ಕೂಲರ್ ಬಹಳ ಚೆನ್ನಾಗಿ ಒಗ್ಗುತ್ತದೆ, ಆದರೆ ಅದು ದಿನಕ್ಕೆ ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಮನೆಗೆ ಒಬ್ಬರು ಹೆಚ್ಚಿದ್ದಾರೆ ಎಂದು ತಿಳಿದೇ ನೀರಿನ ಲೆಕ್ಕ ಹಾಕಬೇಕು.

ನಿನ್ನ ಭಾವ ಕಾಝ್ರಿಯಲ್ಲಿ, ಅಂದರೆ ಒಣ ಪ್ರದೇಶಗಳಿಗೆಂದೇ 1959ರಲ್ಲಿ ಆರಂಭವಾದ ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಇದ್ದದ್ದರಿಂದ ಹಳ್ಳಿಗಳನ್ನೂ ನೋಡಿದೆ. ಅಲ್ಲಿ ಮನೆ ಮುಂದೆ ಟಾಂಕಾ ಇರುತ್ತದೆ. ನೆಲದೊಳಗಿನ ದುಂಡನೆಯ ತೊಟ್ಟಿ, ಸುತ್ತ ಇಳಿಜಾರಾಗಿ ಗಟ್ಟಿಮಾಡಿದ ಅಂಗಳ. ಆ ಅಂಗಳವನ್ನು ಆಗೋರ್ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಅದನ್ನು ದೇವರ ಮನೆಯಂತೆ ಗುಡಿಸುತ್ತಾರೆ, ಚಪ್ಪಲಿ ಹಾಕಿಕೊಂಡು ಕಾಲಿಡಲು ಬಿಡುವುದಿಲ್ಲ. ಮಳೆಯ ನೀರಿಗೆ ಪಾಲರ್ ಪಾನಿ ಎಂಬ ಬೇರೆಯೇ ಹೆಸರು. ಕಾಝ್ರಿಯವರು ರೂಪಿಸಿದ 21,000 ಲೀಟರಿನ ಟಾಂಕಾ ಒಮ್ಮೆ ತುಂಬಿದರೆ ಆರು ಜನರ ಮನೆಗೆ ವರ್ಷವಿಡೀ ಕುಡಿಯಲು, ಅಡುಗೆಗೆ ಸಾಕು. ಒಂದು ಮನೆಯಲ್ಲಿ ಟಾಂಕಾದ ಮುಚ್ಚಳಕ್ಕೆ ಬೀಗ ಹಾಕಿತ್ತು. ಮನೆಯ ಬಾಗಿಲು ಮಾತ್ರ ತೆರೆದೇ ಇತ್ತು. ಬೀಗ ತೆಗೆದು ನಮಗೆ ಮೊದಲು ಕೊಟ್ಟದ್ದು ಒಂದೊಂದು ಲೋಟ ಆ ನೀರು. ಅದರ ರುಚಿ ಈಗಲೂ ನಾಲಿಗೆಯ ಮೇಲಿದೆ.

ನನಗೆ ಸಂಕಟವಾಗುವುದು ಪಟ್ಟಣದ ವಿಷಯದಲ್ಲಿ. ರಾವ್ ಜೋಧಾ 1459ರಲ್ಲಿ ಮೆಹ್ರಾನ್‌ಗಢ ಕೋಟೆ ಕಟ್ಟಲು ಬೆಟ್ಟದ ಮೇಲಿದ್ದ ಸನ್ಯಾಸಿಯೊಬ್ಬನನ್ನು ಎಬ್ಬಿಸಿದನಂತೆ, ಆತ ‘ನಿನ್ನ ಊರಿಗೆ ನೀರಿನ ಬರ ತಪ್ಪದಿರಲಿ’ ಎಂದು ಶಪಿಸಿದನಂತೆ. ಶಾಪವನ್ನು ನಂಬಿದ ಜನವೇ ಕೈಕಟ್ಟಿ ಕೂರದೆ ಕೆರೆ ಕಟ್ಟಿದರು. ಜೋಧಾನ ರಾಣಿ ಕಟ್ಟಿಸಿದ ರಾಣೀಸರ್ ಕೋಟೆಯ ಬುಡದಲ್ಲಿದೆ. ಅದು ತುಂಬಿ ಹೆಚ್ಚಾದ ನೀರು ಪಕ್ಕದ ಪದಮ್‌ಸರ್‌ಗೆ ಇಳಿಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಮ್ಮ ಚಿತ್ರದುರ್ಗವೇ ಕಣ್ಣೆದುರು ಬಂತು. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆ ಹೊಂಡಕ್ಕೆ ನೀರು ಇಳಿಯುವ ದಾರಿಯನ್ನು ಅಪ್ಪ ನಮ್ಮ ಕೈ ಹಿಡಿದು ತೋರಿಸಿದ್ದು ನಿನಗೆ ನೆನಪಿದೆಯಲ್ಲ? ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎರಡು ಕಲ್ಲಿನ ಊರುಗಳು ಒಂದೇ ಲೆಕ್ಕವನ್ನು ಕಲಿತಿದ್ದವು.

ಕಾಲುವೆ ನೀರು ನಲ್ಲಿಗೆ ಬಂದ ಮೇಲೆ ಅಲ್ಲಿನವರು ಬಾವಡಿಗಳನ್ನು, ಅಂದರೆ ಮೆಟ್ಟಿಲು ಬಾವಿಗಳನ್ನು ಮರೆತರು. ಕೆಲವಕ್ಕೆ ಕಸ ಸುರಿದರು. ಸೇದುವವರಿಲ್ಲದ ನೀರು ನೆಲದೊಳಗೇ ಉಳಿಯಿತು. ಅದರ ಜೊತೆಗೆ ಕೆರೆಗಳಿಂದ, ಒಡೆದ ಕೊಳವೆಗಳಿಂದ, ಒಳಚರಂಡಿಯಿಂದ ಇಂಗುವ ನೀರೂ ಸೇರಿತು. ಈಗ ಹಳೆಯ ಪಟ್ಟಣದ ಅಂಗಡಿಗಳ ನೆಲಮಾಳಿಗೆಯಲ್ಲಿ ನೀರು ಒಸರುತ್ತದೆ! ಮರಳುಗಾಡಿನ ಊರಿನಲ್ಲಿ ಅಂತರ್ಜಲ ಏರಿ ಕಟ್ಟಡದ ಅಡಿಪಾಯ ಹಾಳಾಗುತ್ತಿದೆ, ಪಂಪು ಹಚ್ಚಿ ಆ ನೀರನ್ನು ಚರಂಡಿಗೆ ಬಿಡುತ್ತಾರೆ. ನಮಗೆ ಬಟ್ಟೆ ಹೊಲಿದುಕೊಡುತ್ತಿದ್ದವರ ಅಂಗಡಿಯ ನೆಲಮಾಳಿಗೆಯಲ್ಲಿ ನಾನೇ ನೋಡಿದ್ದೇನೆ. ಗೋಡೆಯ ಕೆಂಗಲ್ಲಿನ ಮೇಲೆ ಮೊಣಕಾಲೆತ್ತರಕ್ಕೆ ಬಿಳಿಯ ಉಪ್ಪು ಹೂವಿನಂತೆ ಅರಳಿತ್ತು. ಅದೇ ವಾರ ನಮ್ಮ ಬಡಾವಣೆಯಲ್ಲಿ ನಹರ್‌ಬಂದಿಯ ಕಾರಣಕ್ಕೆ ನಲ್ಲಿ ಒಣಗಿತ್ತು. ಅಂದು ಮನೆಗೆ ನಡೆದು ಬರುವಾಗ ನನಗೆ ಅಳು ತಡೆಯಲಾಗಲಿಲ್ಲ. 1740ರ ದಶಕದ ತೂರ್‌ಜೀ ಕಾ ಝಾಲರಾ ಎಂಬ ಮೆಟ್ಟಿಲು ಬಾವಿಯನ್ನು ನಾವಿದ್ದಾಗ ಹೂಳು ತೆಗೆದು ಶುಚಿ ಮಾಡಿದರು. ಈಗ ಹುಡುಗರು ಅದರ ಗೋಡೆಯ ಮೇಲಿಂದ ನೀರಿಗೆ ಹಾರುತ್ತಾರೆ. ಅಷ್ಟಾದರೂ ಆಯಿತಲ್ಲ ಎಂದು ಮಾಸಾ ಕೈಮುಗಿದಿದ್ದರು.

2022ರಲ್ಲಿ ನಾವು ಊರು ಬಿಡುವ ವರ್ಷ, ಏಪ್ರಿಲ್‌ನಲ್ಲಿ ಪಕ್ಕದ ಪಾಲಿ ಪಟ್ಟಣಕ್ಕೆ ಜೋಧ್‌ಪುರದಿಂದ ರೈಲಿನಲ್ಲಿ ಕುಡಿಯುವ ನೀರು ಹೋಯಿತು, ಜವಾಯಿ ಅಣೆಕಟ್ಟು ಬತ್ತಿತ್ತು. ಜುಲೈ ಕೊನೆಯಲ್ಲಿ ಅದೇ ಜೋಧ್‌ಪುರದ ಬೀದಿಗಳಲ್ಲಿ ಮಳೆಯ ನೀರು ವಾಹನಗಳನ್ನು ಕೊಚ್ಚಿಕೊಂಡು ಹೋಯಿತು.

ಬೆಂಗಳೂರಿನಲ್ಲೇ ಇರಲಿ ಎಂದವನಿಗೆ ನನ್ನ ಮಾತಿಷ್ಟು. 2024ರ ಮಾರ್ಚ್‌ನಲ್ಲಿ ನೀನೇ ಟ್ಯಾಂಕರಿಗಾಗಿ ಕಾದು ಕೆಲಸಕ್ಕೆ ರಜೆ ಹಾಕಿದ್ದೆಯಪ್ಪಾ. ಆ ವರ್ಷ ನಗರದ ಸುಮಾರು 14,000 ಸರ್ಕಾರಿ ಕೊಳವೆ ಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಬೆಂಗಳೂರಿಗೂ ಕಾವೇರಿ ನೂರು ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದಲೇ ಹತ್ತಿ ಬರಬೇಕು. ಬಾಗಿಲಿಗೆ ನೀರು ಚೆಲ್ಲುವಾಗ ಅದು ನಮಗೆ ನೆನಪಿಗೆ ಬರುವುದಿಲ್ಲ, ಮಾಸಾಗೆ ಬರುತ್ತದೆ.

ತಮ್ಮಾ, ವಾಣಿವಿಲಾಸ ಸಾಗರ 89 ವರ್ಷಗಳ ನಂತರ 2022ರಲ್ಲಿ ಕೋಡಿ ಬಿದ್ದಾಗ ಊರಿಗೆ ಊರೇ ಬಾಗಿನ ಹಿಡಿದು ಹೊರಟಿತ್ತು, ನೀನು ವೀಡಿಯೊ ಕಳಿಸಿದ್ದೆ. ನೀರು ಕಂಡರೆ ಕಣ್ಣು ತುಂಬುವ ಮನೆಯಲ್ಲಿ ಬೆಳೆದ ಹುಡುಗಿ ಅದು. ಆ ಊರಿನಲ್ಲಿ ಅವಳು ಯಾರಿಗಿಂತಲೂ ಚೆನ್ನಾಗಿ ಬಾಳುತ್ತಾಳೆ. ಕಳಿಸು.

ಪುಟ್ಟಿ, ಮೊದಲು ಹಾಸ್ಟೆಲಿನಲ್ಲೇ ಇರು. ಆಮೇಲೆ ಬಾಡಿಗೆ ಮನೆ ನೋಡುವಾಗ ಕೋಣೆಗಳಿಗಿಂತ ಮುಂಚೆ ನೆಲದಡಿಯ ತೊಟ್ಟಿಯನ್ನು ತೆರೆಸಿ ನೋಡು. ಎಷ್ಟು ಮನೆಗೆ ಒಂದು ತೊಟ್ಟಿ, ನೀರು ಯಾವ ದಿನ ಎಷ್ಟು ಹೊತ್ತಿಗೆ, ನಹರ್‌ಬಂದಿಯಲ್ಲಿ ಟ್ಯಾಂಕರಿನ ಹಣ ಯಾರು ಕೊಡುತ್ತಾರೆ ಎಂದು ಬಾಯಿಬಿಟ್ಟು ಕೇಳು. ನಿನಗೆ ರಾತ್ರಿ ಪಾಳಿ ಇರುವ ದಿನ ನೀರು ಬಂದರೆ ನಲ್ಲಿ ತಿರುಗಿಸಲು ಪಕ್ಕದ ಮನೆಯವರ ಸ್ನೇಹ ಬೇಕು, ಅಲ್ಲಿಗೆ ಹೋದ ಮೊದಲ ವಾರವೇ ಅದನ್ನು ಸಂಪಾದಿಸಿಕೋ. ಮಾಸಾಗೆ ನಾನು ಇವತ್ತೇ ಫೋನ್ ಮಾಡುತ್ತೇನೆ. ಮಡಕೆ ಕೊಳ್ಳಲು ಅವರೇ ಸೊಸೆಯನ್ನು ನಿನ್ನ ಜೊತೆ ಕಳಿಸುತ್ತಾರೆ. ಹೊಸ ಮಡಕೆಯನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸು, ಆಮೇಲೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ಕಡೆ ಇಡು. ನೆನೆಸಿದ ನೀರನ್ನು ಚೆಲ್ಲಬೇಡ, ಗಿಡಕ್ಕೆ ಹಾಕು.