ಮಗಳು ಜೂಡೊ ಬಿಡುವುದಿಲ್ಲ ಎನ್ನುತ್ತಾಳೆ: ಅನುಭವ ಇದ್ದವರು ಬರೆಯಿರಿ

ಪ್ರಶ್ನೆ, ಡೊಂಬಿವಲಿಯಿಂದ ಒಬ್ಬ ತಾಯಿ

ನಮ್ಮದು ಕುಂದಾಪುರ ಕಡೆಯ ಕುಟುಂಬ. ಯಜಮಾನರು ಠಾಣೆಯಲ್ಲಿ ಹೋಟೆಲ್ ನಡೆಸುತ್ತಾರೆ. ಮಗಳಿಗೆ ಹದಿಮೂರು ವರ್ಷ. ಶಾಲೆಯಲ್ಲಿ ಆಟವೆಂದು ಶುರುವಾದ ಜೂಡೊ ಈಗ ರಾಜ್ಯಮಟ್ಟದ ಪದಕದವರೆಗೆ ಬಂದಿದೆ, 44 ಕೆ.ಜಿ. ವಿಭಾಗದಲ್ಲಿ. ವಸತಿ ಅಕಾಡೆಮಿಯ ಟ್ರಯಲ್ಸ್‌ಗೆ ಕಳುಹಿಸಿ ಎನ್ನುತ್ತಾರೆ ಕೋಚ್. ಹೆಣ್ಣುಮಗುವಿನ ಕೈಕಾಲು ಮುರಿದರೆ ಯಾರು ಹೊಣೆ ಎಂದು ಊರಿನಿಂದ ಅತ್ತೆ ದಿನವೂ ಫೋನ್ ಮಾಡುತ್ತಾರೆ. ಈ ದಾರಿ ಹಿಡಿದ ಹುಡುಗಿಯರ ಬದುಕು ಹೇಗಿರುತ್ತದೆ, ಎಷ್ಟು ವರ್ಷ ಆಡಬಹುದು, ಆಮೇಲೇನು? ಕಂಡವರು ಬರೆಯಿರಿ. "ದೇವರಿದ್ದಾನೆ, ಕಳುಹಿಸಿ" ಎನ್ನುವ ಉತ್ತರ ನಮ್ಮ ಮನೆಯಲ್ಲೇ ಸಾಕಷ್ಟಿದೆ.

ಪಿಂಪ್ರಿಯಿಂದ, ಹಳೆಯ ಆಟಗಾರ್ತಿ

ತೊಂಬತ್ತರ ದಶಕದಲ್ಲಿ ಆಡಿದವಳು ನಾನು. ಕ್ರೀಡಾ ಕೋಟಾದ ನೌಕರಿ ಈಗ ಮುಗಿಯುತ್ತ ಬಂದಿದೆ. ಮಗಳು ಚಾಂಪಿಯನ್ ಆಗುತ್ತಾಳೆಯೇ ಎಂದು ನೀವು ಕೇಳಲಿಲ್ಲ, ಅದಕ್ಕೇ ಉತ್ತರಿಸುತ್ತಿದ್ದೇನೆ. ಆ ಪ್ರಶ್ನೆ ಕೇಳುವ ಅಪ್ಪಂದಿರು ಮ್ಯಾಟ್ ಪಕ್ಕದಲ್ಲಿ ನಿಂತು ಕೂಗುವುದನ್ನು ನೋಡಿ ನನಗೆ ಸಾಕಾಗಿದೆ.

ನಾವು ಆಡುವಾಗ ನಮ್ಮ ಆರಾಧ್ಯ ದೇವತೆ ಜಪಾನಿನ ರಿಯೋಕೊ ತಮುರಾ. 48 ಕೆ.ಜಿ. ವಿಭಾಗ, ಎತ್ತರ ಐದು ಅಡಿಯೂ ಇಲ್ಲ. ಮಹಿಳಾ ಜೂಡೊಗೆ ಒಲಿಂಪಿಕ್ಸ್‌ನಲ್ಲಿ ಪದಕ ಕೊಡಲು ಆರಂಭಿಸಿದ್ದೇ 1992ರ ಬಾರ್ಸಿಲೋನಾದಲ್ಲಿ. ಅಲ್ಲಿ ಹದಿನಾರರ ಈ ಹುಡುಗಿ ಫೈನಲ್‌ನಲ್ಲಿ ಸೋತಳು. ಆಮೇಲೆ ವರ್ಷಗಟ್ಟಲೆ ಯಾರಿಗೂ ಸೋಲಲಿಲ್ಲ. 1996ರ ಅಟ್ಲಾಂಟಾದಲ್ಲಿ ಚಿನ್ನ ಅವಳದೇ ಎಂದು ಎಲ್ಲರೂ ಬರೆದಿಟ್ಟಿದ್ದರು. ಉತ್ತರ ಕೊರಿಯಾದಿಂದ ಬಂದ, ಅಲ್ಲಿಯವರೆಗೆ ಯಾರೂ ಹೆಸರು ಕೇಳಿರದ ಕೇ ಸುನ್ ಹೀ ಫೈನಲ್‌ನಲ್ಲಿ ಸೋಲಿಸಿದಳು. ಅವಳಿಗೂ ಹದಿನಾರೇ ವರ್ಷ! ತಮುರಾಗೆ ಚಿನ್ನ ಸಿಕ್ಕಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಮದುವೆಯಾಗಿ ರಿಯೋಕೊ ತಾನಿ ಎಂಬ ಹೆಸರಿನಲ್ಲಿ 2004ರ ಅಥೆನ್ಸ್‌ನಲ್ಲಿ ಮತ್ತೆ ಚಿನ್ನ. ಮಗು ಹುಟ್ಟಿದ ಮೇಲೆ 2007ರಲ್ಲಿ ಏಳನೆಯ ವಿಶ್ವ ಪ್ರಶಸ್ತಿ, 2008ರ ಬೀಜಿಂಗ್‌ನಲ್ಲಿ ಕಂಚು. ಆಮೇಲೆ ಜಪಾನಿನ ಸಂಸತ್ತಿನ ಮೇಲ್ಮನೆಗೂ ಆಯ್ಕೆಯಾದರು. ಐದು ಒಲಿಂಪಿಕ್ಸ್, ಐದು ಪದಕ.

ಇದನ್ನು ಇಷ್ಟುದ್ದ ಬರೆದದ್ದು ನಿಮ್ಮ ಅತ್ತೆಯವರಿಗಾಗಿ. ಎಷ್ಟು ವರ್ಷ ಆಡಬಹುದು ಎಂಬುದಕ್ಕೆ ಇದು ಒಂದು ತುದಿಯ ಉತ್ತರ. ಈಗಿನ ಕಾಲದವರನ್ನು ಕೇಳಿದರೆ ಫ್ರಾನ್ಸ್‌ನ ಕ್ಲಾರಿಸ್ ಅಗ್ಬೆನೆನು ಇದ್ದಾರೆ. 2022ರ ಜೂನ್‌ನಲ್ಲಿ ಮಗಳು ಹುಟ್ಟಿದಳು, 2023ರ ಮೇ ತಿಂಗಳಲ್ಲಿ ದೋಹಾದಲ್ಲಿ ಆರನೆಯ ವಿಶ್ವ ಪ್ರಶಸ್ತಿ ಗೆದ್ದರು. ಮದುವೆ, ಮಕ್ಕಳು ಎಂದು ಆಟ ಅಲ್ಲಿಗೇ ನಿಲ್ಲಬೇಕಾಗಿಲ್ಲ.

ಇನ್ನೊಂದು ತುದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಭಾರತಕ್ಕೆ ಜೂಡೊದಲ್ಲಿ ಇಂದಿಗೂ ಒಲಿಂಪಿಕ್ ಪದಕ ಬಂದಿಲ್ಲ. 2012ರ ಲಂಡನ್‌ಗೆ ಗರಿಮಾ ಚೌಧರಿ, ಟೋಕಿಯೊಗೆ ಸುಶೀಲಾ ಲಿಕ್ಮಾಬಾಮ್, 2024ರ ಪ್ಯಾರಿಸ್‌ಗೆ ತುಲಿಕಾ ಮಾನ್, ಹೀಗೆ ಒಬ್ಬೊಬ್ಬರೇ ಹೋದರು. ದೆಹಲಿ ಪೊಲೀಸ್‌ನಲ್ಲಿದ್ದ ತಾಯಿ ಒಬ್ಬರೇ ಬೆಳೆಸಿದ ಮಗಳು ತುಲಿಕಾ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವರು. ಪ್ಯಾರಿಸ್‌ನಲ್ಲಿ ಕ್ಯೂಬಾದ ಇದಾಲಿಸ್ ಒರ್ತಿಸ್ ಎದುರು ಅವರ ಪಂದ್ಯ ಅರ್ಧ ನಿಮಿಷವೂ ನಡೆಯಲಿಲ್ಲ. ಪಂದ್ಯದ ಅವಧಿ ನಾಲ್ಕು ನಿಮಿಷ, ಆದರೆ ಒಂದು ಇಪ್ಪೊನ್ (ಎದುರಾಳಿಯನ್ನು ಬೆನ್ನ ಮೇಲೆ ಕೆಡವಿದಂಥದ್ದಕ್ಕೆ ಸಿಗುವ ಪೂರ್ಣ ಅಂಕ) ಬಿದ್ದರೆ ಅಲ್ಲಿಗೆ ಮುಗಿಯಿತು. ವರ್ಷಗಳ ತಯಾರಿ ಹಾಗೆ ಮುಗಿದ ರಾತ್ರಿ ಮಗಳ ಜೊತೆ ಊಟಕ್ಕೆ ಕೂರುವ ತಾಳ್ಮೆ ಮನೆಯವರಿಗೆ ಇದೆಯೇ? ಮೊದಲು ಅದನ್ನು ನೋಡಿಕೊಳ್ಳಿ.

ಠಾಣೆಯಿಂದ, ಫಿಸಿಯೋಥೆರಪಿಸ್ಟ್

ಕೈಕಾಲು ಮುರಿಯುವ ವಿಚಾರ. ಬೀಳುವುದನ್ನು ಮೊದಲು ಕಲಿಸುವ ಆಟ ಇದು. ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ವಿದ್ಯೆ, ಚೆನ್ನಾಗಿ ಬಂದ ಮಗು ಮೆಟ್ಟಿಲಿನಿಂದ ಜಾರಿದರೂ ತಲೆ ಉಳಿಸಿಕೊಳ್ಳುತ್ತದೆ. ನನ್ನ ಬಳಿ ಬರುವ ಜೂಡೊ ಹುಡುಗಿಯರಿಗೆ ಮೂಳೆಗಿಂತ ಮೊಣಕಾಲಿನ ಲಿಗಮೆಂಟ್‌ನದೇ ತೊಂದರೆ. ಹರಿದರೆ ಶಸ್ತ್ರಚಿಕಿತ್ಸೆಯ ನಂತರ ಮ್ಯಾಟ್‌ಗೆ ಮರಳಲು ಒಂಬತ್ತು ತಿಂಗಳಾದರೂ ಬೇಕು, ಒಂದು ವರ್ಷ ಎಂದುಕೊಳ್ಳುವುದೇ ಒಳ್ಳೆಯದು. ಈ ಗಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ತೊಡೆ, ಸೊಂಟದ ಸ್ನಾಯುಗಳಿಗೆ ಬೇರೆಯಾಗಿ ವ್ಯಾಯಾಮ ಮಾಡಿಸುವ ಕೋಚ್ ಇದ್ದರೆ ಅಪಾಯ ಕಡಿಮೆಯಾಗುತ್ತದೆ. ಬೆರಳು, ಭುಜ ನೋಯುವುದು ಇದ್ದದ್ದೇ.

ನನಗೆ ಅದಕ್ಕಿಂತ ಹೆದರಿಕೆ ತೂಕದ್ದು. ಹದಿಮೂರರ ಹುಡುಗಿ 44ರಲ್ಲಿ ಇದ್ದಾಳೆ ಎಂದರೆ ಎರಡು ವರ್ಷದಲ್ಲಿ 48 ಅಥವಾ 52 ಆಗುವುದು ಸಹಜ. ಪದಕ ಕೈತಪ್ಪುತ್ತದೆಂದು ಅವಳನ್ನು 44ರಲ್ಲೇ ಕಟ್ಟಿಹಾಕಲು ಊಟ ಬಿಡಿಸುವುದು, ನೀರು ಬಿಡಿಸುವುದು, ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿಸುವುದು ಕಂಡರೆ ಅವತ್ತೇ ಚೀಲ ಎತ್ತಿಕೊಂಡು ಮನೆಗೆ ಕರೆತನ್ನಿ. ಮುಟ್ಟು ನಿಂತುಹೋದರೆ "ಆಟಗಾರ್ತಿಯರಿಗೆ ಹಾಗೇ" ಎಂದು ಯಾರಾದರೂ ಹೇಳುತ್ತಾರೆ. ಹಾಗಲ್ಲ, ಅದು ಮೂಳೆ ಬಡವಾಗುವ ಸೂಚನೆ. ವೈದ್ಯರ ಬಳಿ ಹೋಗಿ.

ವಾಶಿಯಿಂದ, ಬೆಳಗಾವಿ ಮೂಲದವರು

ಅಕಾಡೆಮಿ ಎಂದರೆ ಹರಿಯಾಣ, ಮಣಿಪುರವೇ ಆಗಬೇಕೆಂದಿಲ್ಲ. ಮಣಿಪುರದ ಲಿಂತೋಯ್ ಚನಂಬಮ್ ತರಬೇತಿ ಪಡೆದದ್ದು ನಮ್ಮ ಬಳ್ಳಾರಿ ಕಡೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ಜಾರ್ಜಿಯಾ ದೇಶದ ಕೋಚ್ ಕೈಯಲ್ಲಿ. 2022ರಲ್ಲಿ ಸರಯೇವೊದಲ್ಲಿ 57 ಕೆ.ಜಿ.ಯಲ್ಲಿ ಕೆಡೆಟ್ (18ರ ಒಳಗಿನವರ) ವಿಶ್ವ ಚಾಂಪಿಯನ್ ಆದಳು. ಜೂಡೊದಲ್ಲಿ ಯಾವುದೇ ವಯೋಮಾನದಲ್ಲಿ ಭಾರತಕ್ಕೆ ಅದೇ ಮೊದಲ ವಿಶ್ವ ಪದಕ. ಬೆಳಗಾವಿಯ ರೈತನ ಮಗಳು ಮಲಪ್ರಭಾ ಜಾಧವ್ ಜೂಡೊ ಕಲಿತು, ಅದಕ್ಕೆ ಹತ್ತಿರದ ಕುರಾಶ್‌ನಲ್ಲಿ 2018ರ ಏಷ್ಯನ್ ಕ್ರೀಡಾಕೂಟದ ಕಂಚು ತಂದಳು. ಉಜ್ಬೇಕಿಸ್ತಾನದ ಈ ಕುಸ್ತಿಯಲ್ಲಿ ನೆಲದ ಮೇಲಿನ ಪಟ್ಟುಗಳಿಲ್ಲ, ನಿಂತೇ ಕೆಡವಬೇಕು. ಕಲಿತ ವಿದ್ಯೆ ಪಕ್ಕದ ದಾರಿಯಲ್ಲೂ ನಡೆಯುತ್ತದೆ ಎನ್ನಲು ಹೇಳಿದೆ.

ಆಮೇಲೇನು ಎಂದರೆ ನೌಕರಿ. ಮಹಾರಾಷ್ಟ್ರ ಸರ್ಕಾರದ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿ ಇದೆ. ರೈಲ್ವೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ಕ್ರೀಡಾ ಕೋಟಾ ಇದೆ. ಪ್ರತಿ ಪ್ರಮಾಣಪತ್ರವನ್ನೂ ಜೋಪಾನ ಮಾಡಿ. ಯಾವ ಸ್ಪರ್ಧೆಯ ಪ್ರಮಾಣಪತ್ರ ಮಾನ್ಯ, ಯಾವುದು ಗೋಡೆಗೆ ಮಾತ್ರ ಎಂಬುದನ್ನು ಜಿಲ್ಲಾ ಕ್ರೀಡಾಧಿಕಾರಿ ಕಚೇರಿಯಲ್ಲಿ ಈಗಲೇ ಕೇಳಿ. ದುಡ್ಡು ತೆಗೆದುಕೊಂಡು "ಅಂತರರಾಷ್ಟ್ರೀಯ" ಪದಕ ಹಂಚುವ ಕೂಟಗಳು ಬೇಕಾದಷ್ಟಿವೆ.

ಮಾಟುಂಗಾದಿಂದ

ಹತ್ತನೆಯ ತರಗತಿ ಮುಗಿಯುವವರೆಗೆ ಮನೆಯಿಂದಲೇ ಆಡಲಿ. ಮಿಕ್ಕದ್ದೆಲ್ಲ ಅಲಂಕಾರ.

ಪಿಂಪ್ರಿಯ ಹಳೆಯ ಆಟಗಾರ್ತಿ ಮತ್ತೆ

ಮಾಟುಂಗಾದವರು ಹೇಳಿದ್ದು ಅರ್ಧ ಸರಿ. ಡೊಂಬಿವಲಿಯಲ್ಲಿ ಅವಳ ತೂಕದ, ಅವಳಿಗಿಂತ ಬಲವಾದ ಹುಡುಗಿಯರು ದಿನವೂ ರಂದೋರಿಗೆ (ಅಭ್ಯಾಸದ ಸೆಣಸಾಟಕ್ಕೆ) ಸಿಗುತ್ತಾರೆಯೇ? ಸಿಕ್ಕರೆ ಇರಲಿ. ದಿನವೂ ಅವಳೇ ಎಲ್ಲರನ್ನೂ ಕೆಡವುತ್ತಿದ್ದರೆ ಹದಿನೈದಕ್ಕೆ ಅಲ್ಲಿಗೇ ನಿಲ್ಲುತ್ತಾಳೆ. ಜೂಡೊ ಒಬ್ಬಳೇ ಕಲಿಯುವ ವಿದ್ಯೆಯಲ್ಲ, ಎಸೆಯಿಸಿಕೊಳ್ಳಲು ಜನ ಬೇಕು.

ವಾಸ್ಕೊದಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ

ಯಾರೂ ಎತ್ತದ ಮಾತು. ಅಮೆರಿಕದ ಕೇಲಾ ಹ್ಯಾರಿಸನ್ 2012 ಮತ್ತು 2016ರ ಒಲಿಂಪಿಕ್ ಚಿನ್ನ ಗೆದ್ದವರು. ಬಾಲ್ಯದಲ್ಲಿ ತನ್ನ ಕೋಚ್‌ನಿಂದಲೇ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು. ತಾಯಿಗೆ ತಿಳಿದಾಗ ಪೊಲೀಸರ ಬಳಿ ಹೋದರು, ಆತ ಜೈಲು ಸೇರಿದ. ಕೇಲಾ ಬೇರೆ ಊರಿಗೆ, ಬೇರೆ ಕೋಚ್ ಬಳಿಗೆ ಹೋಗಿ ಆಟ ಉಳಿಸಿಕೊಂಡರು. ಮೈಗೆ ಮೈ ತಾಗಿಸಿ ಕಲಿಸುವ ಆಟ ಇದು. ಕಲಿಸುವ ಮುಟ್ಟುವಿಕೆ ಯಾವುದು, ಬೇರೆಯದು ಯಾವುದು ಎಂದು ಮಗಳ ಜೊತೆ ಮುಚ್ಚುಮರೆಯಿಲ್ಲದೆ ಮಾತನಾಡಿ.

ನನ್ನ ದೊಡ್ಡವಳನ್ನು ಒಂದು ವಸತಿ ಕೇಂದ್ರಕ್ಕೆ ಸೇರಿಸಲು ಹೋದಾಗ ನಾನು ಕೇಳಿದ್ದು ಇಷ್ಟೇ: ರಾತ್ರಿ ಹುಡುಗಿಯರ ಮಹಡಿಯಲ್ಲಿ ಯಾವ ಹೆಂಗಸು ಇರುತ್ತಾರೆ, ಹೊರ ಊರಿನ ಸ್ಪರ್ಧೆಗೆ ಯಾರು ಜೊತೆಗೆ ಹೋಗುತ್ತಾರೆ, ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ, ಫೋನ್ ಯಾವಾಗ ಕೈಗೆ ಸಿಗುತ್ತದೆ. ಕೊನೆಯದಕ್ಕೆ "ಭಾನುವಾರ, ನಮ್ಮೆದುರಿಗೆ" ಎಂದರು. ಸೇರಿಸಲಿಲ್ಲ. ಇನ್ನೊಂದು ಕಡೆ ಕೋಚ್ ನಕ್ಕು, ಹೇಳದೆ ಕೇಳದೆ ಬಂದು ನೋಡಿ ಎಂದರು. ಹಾಗೇ ಹೋಗಿ ನೋಡಿದೆ, ಅಲ್ಲಿ ಸೇರಿಸಿದೆ.

ಡೊಂಬಿವಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ತಮುರಾ ಕಥೆಯನ್ನು ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. "ಗಂಡ ಏನು ಕೆಲಸ" ಎಂದು ಕೇಳಿದರು. ಬೇಸ್‌ಬಾಲ್ ಆಟಗಾರ ಎಂದೆ, ಸುಮ್ಮನಾದರು. ಟ್ರಯಲ್ಸ್‌ಗೆ ಕಳುಹಿಸುತ್ತೇವೆ, ಸೇರಿಸುವುದನ್ನು ವಾಸ್ಕೊದವರ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ನೋಡುತ್ತೇವೆ. ರಂದೋರಿ ವಿಷಯ ಕೇಳಿದಾಗ ಮಗಳು, ತನ್ನನ್ನು ಕೆಡವುವ ಒಬ್ಬಳೇ ಹುಡುಗಿ ಕಲ್ಯಾಣದಿಂದ ಬರುತ್ತಾಳೆ, ವಾರಕ್ಕೊಮ್ಮೆ ಮಾತ್ರ ಎಂದಳು. ಪುಣೆ, ಮುಂಬಯಿಯಲ್ಲಿ 48 ಕೆ.ಜಿ.ಯ ಹುಡುಗಿಯರು ಹೆಚ್ಚು ಬರುವ ಭಾನುವಾರದ ಅಭ್ಯಾಸ ಎಲ್ಲಾದರೂ ಇದ್ದರೆ ತಿಳಿಸಿ, ಕರೆತರುತ್ತೇನೆ.