ಬ್ಯಾರೆಯವರ ಕೆಲಸಾನ ದಿನಾ ಸ್ಟೇಟಸ್‌ಗೆ ಹಾಕ್ತೀನಿ, ಅವರಿಗೇನರ ಉಪಯೋಗ ಆಗ್ತೈತೇನ್ರಿ?

ಕೊಪ್ಪಳ_ಗವಿಗುಡ್ಡ:
ಎಲ್ರಿಗೂ ನಮಸ್ಕಾರ. ಒಂದು ವರ್ಷದಿಂದ ರೂಢಿ ಮಾಡ್ಕೊಂಡೀನಿ, ದಿನಾ ಮುಂಜಾನೆ ವಾಟ್ಸಾಪ್ ಸ್ಟೇಟಸ್‌ನ್ಯಾಗ ನಂದಲ್ಲದ್ದು ಒಂದು ಹಾಕೋದು. ಒಂದಿನ ನಮ್ಮ ಕೊಪ್ಪಳ ಕಡೆ ಕಿನ್ನಾಳ ಊರಾಗ ಮಾಡೋ ಕಟ್ಟಿಗಿ ಗೊಂಬಿ, ಒಂದಿನ ಸಂಡೂರಿನ ಲಂಬಾಣಿ ಹೆಣ್ಮಕ್ಕಳು ಕನ್ನಡಿ ಕೂಡ್ಸಿ ಹೊಲಿದ ಚೀಲ, ಗೆಳೆಯನ ಕವನ, ಯಾರಿಗರ ರಕ್ತ ಬೇಕಂದ್ರ ಆ ಮೆಸೇಜು. ಹಾಕಿದ್ರ ನನಗ ಭಾಳ ಖುಷಿ. ನಿನ್ನೆ ನಮ್ಮ ತಮ್ಮ ಕೇಳಿದ, "ಅಣ್ಣಾ, ಇಷ್ಟೆಲ್ಲಾ ಹಾಕ್ತೀಯಲ್ಲ, ಯಾರರ ಒಂದು ಗೊಂಬಿ ತಗೊಂಡಾರೇನು?" ನನಗ ಗೊತ್ತಿರ್ಲಿಲ್ಲ. ರಾತ್ರಿಯೆಲ್ಲಾ ಅದ ತಲ್ಯಾಗ. ನೀವು ಹೇಳ್ರಿ.

ರಾಯಚೂರು_ಬಿಸಿಲು:
ನೇರ ಹೇಳ್ತೀನ್ರಿ ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಏನೂ ಆಗಂಗಿಲ್ಲ. 2025ರಾಗ ನಿಮ್ಮ ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತಲ್ಲ, 96ರ ಅಜ್ಜಿ, ಜೀವನಪೂರ್ತಿ ತೊಗಲು ಗೊಂಬಿ ಆಡಿಸಿದೋರು, ಆವತ್ತು ನನ್ನ ಫೋನ್‌ನ್ಯಾಗ ಯಾರ ಸ್ಟೇಟಸ್ ಒತ್ತಿದ್ರೂ ಅವರದ ಫೋಟೋ. ನಾನೂ ಹಾಕಿದ್ದೆ. ಮರುದಿನ ಕೆಲಸದ ಜಾಗದಾಗ ಕೇಳ್ಕೋತ ಹೋದೆ, ಪರದೆ ಹಿಂದ ದೀಪ ಇಟ್ಟು ರಾಮಾಯಣ ಆಡಿಸೋದನ್ನ ಕುಂತು ನೋಡೀರೇನು ಅಂತ. ಒಬ್ರೂ ನೋಡಿಲ್ಲ. ನಾನೂ ನೋಡಿಲ್ಲ. ಲೈಕ್ ಒತ್ತಿದ ಮ್ಯಾಲೆ ನಮ್ಮ ಪಾಲಿನ ಕೆಲಸ ಮುಗೀತು ಅಂತ ಮನಸ್ಸಿಗೆ ಸಮಾಧಾನ ಆಗಿಬಿಡ್ತೈತಿ, ಅದ ನನಗ ಚಿಂತಿ.

ಸಿಂಧನೂರು_ಮೇಷ್ಟ್ರು:
ನಿಮ್ಮ ಚಿಂತಿ ಖರೇ ಐತಿ, ಆದ್ರ ಏನೂ ಆಗಂಗಿಲ್ಲ ಅನ್ಬ್ಯಾಡ್ರಿ. ನಮ್ಮ ಸಾಲಿಗೆ ತೊಗಲು ಗೊಂಬಿ ಮೇಳದವರು ಬಂದಿದ್ದು ಇಂಥ ಒಂದು ಸ್ಟೇಟಸ್‌ನಿಂದನ. ಹಾಕಿದ ಪುಣ್ಯಾತ್ಮ ಫೋಟೋದ ಕೆಳಗ ಮೇಳದವರ ಫೋನ್ ನಂಬರ್ ಬರ್ದಿದ್ದ, ರಾತ್ರಿ ಆಟಕ್ಕ ಎಷ್ಟು ಜಾಗ ಬೇಕು, ಎಷ್ಟು ಕೊಡಬೇಕು ಅದನ್ನೂ ಬರ್ದಿದ್ದ. ನಾವು ಮಾಸ್ತರು, ಅಕ್ಕೋರು ಎಲ್ಲಾ ಕೂಡಿ ರೊಕ್ಕ ಹಾಕಿದ್ವಿ. ಆಟ ಮುಗಿದ ಮ್ಯಾಲೆ ಆರನೇತ್ತ ಹುಡುಗಿ ಪರದೆ ಹಿಂದ ಹೋಗಿ ಹನುಮಂತನ ಬಾಲ ಮುಟ್ಟಿ "ಸರ, ಇದು ಚರ್ಮ ಅಂದ್ರಿ, ಇದರಾಗ ಬೆಳಕು ಹೆಂಗ ಹಾಯ್ತೈತಿ?" ಅಂತ ಕೇಳ್ತು. ಅವರು ಕುಂದ್ರಿಸಿಕೊಂಡು ತೋರಿಸಿದ್ರು, ಆಡಿನ ತೊಗಲನ್ನ ಕೂದ್ಲ ತೆಗೆದು ಎಷ್ಟು ತೆಳು ಕೆರೀತಾರ, ಬಣ್ಣ ಎರಡೂ ಮಗ್ಗಲು ಯಾಕ ಕಾಣಬೇಕು ಅಂತ. ಆ ಅರ್ಧ ತಾಸಿಗೆ ಯಾ ಪಾಠಾನೂ ಸಮ ಅಲ್ರಿ.

ಕಿನ್ನಾಳದ_ಮಗಳು:
ನಾನು ಮಾಡೋರ ಮನಿ ಹುಡುಗಿ, ನಾನೂ ಒಂದೆರಡು ಮಾತು ಹೇಳ್ತೀನಿ. ಯಾರೋ ಒಬ್ರು ನಮ್ಮಪ್ಪಾಜಿ ಮಾಡಿದ ಗರುಡನ ಫೋಟೋ ಹಾಕಿದ್ರು, ಸಾವಿರಗಟ್ಟಲೆ ಮಂದಿ ನೋಡಿದ್ರು, ಆದ್ರ ಕೆಳಗಿದ್ದ ಹೆಸರು ಕತ್ತರಿಸಿ "ನಮ್ಮ ನಾಡಿನ ಕಲೆ" ಅಂತ ಬರ್ದಿದ್ರು. ಅಪ್ಪಾಜಿ ಫೋನ್ ಹಿಡ್ಕೊಂಡು ಸ್ವಲ್ಪ ಹೊತ್ತು ನೋಡಿದ್ರು, ಏನೂ ಅನ್ಲಿಲ್ಲ, ಮತ್ತ ಕುಂಚ ತಗೊಂಡ್ರು. ನನಗ ಕಣ್ಣಾಗ ನೀರು ಬಂತು.

ಇನ್ನೊಂದ್ಸಲ ಕೊಪ್ಪಳದ ಅಕ್ಕಾರೊಬ್ರು ಹಾಕಿದ್ರು, ಹೆಸರು, ಊರು, ರೇಟು, ಎಷ್ಟು ದಿನಕ್ಕ ಸಿಗ್ತೈತಿ ಎಲ್ಲಾ ಬರ್ದು. ನೋಡಿದೋರು ಭಾಳ ಇಲ್ಲ, ಕೊಂಡೋರು ಇಬ್ರು. ಆ ಇಬ್ರಾಗ ಒಬ್ರು ಮುಂದಿನ ವರ್ಷ ಮಗಳ ಮದುವಿಗೆ ಜೋಡಿ ಕುದುರಿ ಮಾಡಿಸಿಕೊಂಡು ಹೋದ್ರು. ಎಷ್ಟು ದಿನ ಹಿಡೀತೈತಿ ಅಂತ ಯಾಕ ಬರೀಬೇಕಂದ್ರ ನಮ್ಮದು ಇವತ್ತು ಕೇಳಿ ನಾಳೆ ಒಯ್ಯೋ ಸಾಮಾನಲ್ಲ. ಹಗುರ ಕಟ್ಟಿಗಿ ಕೆತ್ತಬೇಕು, ಗೋಣಿ ನಾರು ನೆನೆಸಿ ಒಣಗಿಸಿ ಪುಡಿ ಮಾಡಿ ಹುಣಸಿ ಬೀಜದ ಅಂಟಿನಾಗ ಕಲಸಿ ಕಿಟ್ಟ ಮಾಡಿ ಕೈಕಾಲು ಕೂಡಿಸಬೇಕು, ಒಣಗಬೇಕು, ಆಮ್ಯಾಲೆ ಬಣ್ಣ, ಮಳಿಗಾಲದಾಗ ಒಂದೊಂದು ಹಂತಕ್ಕೂ ಕಾಯೋದ ಕಾಯೋದು. ಇದನ್ನ ಎರಡು ಸಾಲು ಬರೆದ್ರ ಕೊಳ್ಳೋರು ಚೌಕಾಶಿ ಮಾಡಂಗಿಲ್ರಿ.

ಬಳ್ಳಾರಿ_ಕೋಟೆ:
ರಕ್ತದ ಮೆಸೇಜ್ ಬಗ್ಗೆ ನಾನು ಹೇಳ್ಲೇಬೇಕು, ಯಾಕಂದ್ರೆ ನಾವು ಗೆಳೆಯರು ಸೇರಿ ಇದೇ ಕೆಲಸ ಮಾಡ್ತೀವಿ. ಹೋದ ತಿಂಗಳು ಒಂದು ಮೆಸೇಜ್ ಬಂತು, ಅರ್ಜೆಂಟ್, ಬಿ ನೆಗೆಟಿವ್, ಹುಡುಗನಿಗೆ ಆಪರೇಷನ್. ಫೋನ್ ಮಾಡಿದೆ. ಒಬ್ಬ ತಾಯಿ ಎತ್ತಿದ್ರು. "ಅಣ್ಣಾ, ಅದು ನಾಲ್ಕು ವರ್ಷದ ಹಿಂದಿಂದು, ನನ್ನ ಮಗ ಈಗ ಎಸ್ಸೆಸ್ಸೆಲ್ಸಿ ಓದ್ತಾ ಇದಾನೆ, ಇನ್ನೂ ಫೋನ್ ಬರ್ತಾನೇ ಇದಾವೆ, ಫೋನ್ ಮಾಡಿದೋರಿಗೆಲ್ಲ ದೇವರು ಒಳ್ಳೇದು ಮಾಡ್ಲಿ" ಅಂದ್ರು. ಎಷ್ಟು ಒಳ್ಳೆ ಜನ ನೋಡಿ. ಆದ್ರೆ ಅವತ್ತು ನಿಜವಾಗ್ಲೂ ಬೇಕಾಗಿದ್ದ ಇನ್ನೊಬ್ಬರ ಫೋನಿಗೆ ಹೋಗ್ಬೇಕಿದ್ದ ಸಮಯ ಅದು. ಅದಕ್ಕೇ ಗವಿಗುಡ್ಡ ಅಣ್ಣ, ತಾರೀಕು ಇಲ್ಲದ ಮೆಸೇಜ್ ಹಾಕ್ಬೇಡಿ, ಮೊದಲು ನೀವೇ ಒಂದು ಫೋನ್ ಮಾಡಿ, ರಕ್ತ ಸಿಕ್ಕ ಮೇಲೆ "ಸಿಕ್ಕಿದೆ" ಅಂತ ಹಾಕಿ ಹಳೇದು ತೆಗೀರಿ.

ಇನ್ನೊಂದು. ಹಬ್ಬದ ದಿನ ನೂರು ಜನ ಒಟ್ಟಿಗೆ ಕೊಟ್ಟು ಆಮೇಲೆ ಯಾರೂ ಇಲ್ಲ ಅಂದ್ರೆ ಕಷ್ಟ ಆಗುತ್ತೆ, ತೆಗೆದಿಟ್ಟ ರಕ್ತ ಸಾಮಾನ್ಯವಾಗಿ 35 ದಿನ ಇರುತ್ತೆ, ಅದರಿಂದ ಬೇರೆ ಮಾಡಿದ ಪ್ಲೇಟ್‌ಲೆಟ್ 5 ದಿನ ಅಷ್ಟೇ, ಡೆಂಗಿ ಜೋರಾದಾಗ ಕೆಲವರಿಗೆ ಅದೇ ಬೇಕಾಗುತ್ತೆ. ಗಂಡಸರು 90 ದಿನಕ್ಕೆ, ಹೆಂಗಸರು 120 ದಿನಕ್ಕೆ ಮತ್ತೆ ಕೊಡಬಹುದು. ಯಾರು ಯಾವಾಗ ಕೊಟ್ರು ಅಂತ ಲಿಸ್ಟ್ ಇಟ್ಕೊಂಡು ನೆನಪು ಮಾಡಿ, ಅದೂ ಪ್ರಚಾರಾನೇ.

ರಾಯಚೂರು_ಬಿಸಿಲು:
ಒಪ್ಪಿದೆ, ಏನೂ ಆಗಂಗಿಲ್ಲ ಅಂದಿದ್ದು ವಾಪಸ್ ತಗೋತೀನಿ. ಆದ್ರ ರೊಕ್ಕ ಕೇಳೋ ಮೆಸೇಜು? ಮಗುವಿನ ಫೋಟೋ, ಕೆಳಗ ಕ್ಯೂಆರ್ ಕೋಡ್. ನಾವು ಹಾಕಿದ್ರ ನಮ್ಮನ್ನ ನಂಬಿ ಮಂದಿ ಕಳಿಸ್ತಾರ. ಆ ಕೋಡ್ ಯಾರದು ಅಂತ ನಮಗ ಗೊತ್ತಿರಬೇಕಲ್ರಿ.

ಸಿಂಧನೂರು_ಮೇಷ್ಟ್ರು:
ಇದ್ರಾಗ ನಾನು ಕಡ್ಡಿ ಮುರಿದಂಗ ಇರ್ತೀನಿ. ಮನಿಯವರ ಜೋಡಿ ಮಾತಾಡದ, ದವಾಖಾನಿ ಚೀಟಿ ನೋಡದ ಮುಂದ ಕಳಿಸಂಗಿಲ್ಲ. ಎಷ್ಟೋ ಸಲ ರೊಕ್ಕ ನೇರ ದವಾಖಾನಿ ಬಿಲ್ಲಿಗೆ ಕಟ್ಟೀವಿ.

ಕೊಪ್ಪಳ_ಗವಿಗುಡ್ಡ:
ಓದಿ ಹಳೇ ಸ್ಟೇಟಸ್‌ಗೆ ಹಾಕಿದ್ದೆಲ್ಲ ಗ್ಯಾಲರಿ ತೆಗೆದು ನೋಡಿದೆ. ಗೊಂಬಿ ಫೋಟೋ ಅರ್ಧಕ್ಕಿಂತ ಹೆಚ್ಚಿನವಕ್ಕ ಹೆಸರ ಇಲ್ಲ. ತಂಗಿ, ನಿಮ್ಮ ಅಪ್ಪಾಜಿಯವರ ಹೆಸರು ಕತ್ತರಿಸಿದೋರು ನಾನಲ್ಲ, ಆದ್ರ ನಾನೂ ಹಂಗ ಹಾಕೀನಿ, ತಪ್ಪಾತು. ನಾಳಿಂದ ದಿನಾ ಒಂದು ಬಿಟ್ಟು ವಾರಕ್ಕೊಂದ ಹಾಕ್ತೀನಿ, ಅವರ ಹತ್ರ ಹೋಗಿ ಕುಂತು ಕೇಳಿ ಬರೀತೀನಿ. ಈ ಐತವಾರ ಕಿನ್ನಾಳಕ್ಕ ಬಂದ್ರ ನಡೀತೈತೇನವಾ?

ಕಿನ್ನಾಳದ_ಮಗಳು:
ಬರ್ರಿ ಅಣ್ಣಾರ. ಮುಂಜಾನೆ ಹತ್ತರೊಳಗ ಬರ್ರಿ, ಕಣ್ಣು ಬರಿಯೋದು ಆವಾಗನ, ಬೆಳಕು ಛಲೋ ಇರ್ತೈತಿ.

ರಾಯಚೂರು_ಬಿಸಿಲು:
ಮೇಷ್ಟ್ರೇ, ಆ ಮೇಳದವರನ್ನ ಕೇಳಿ ಒಪ್ಪಿದ್ರ ನಂಬರ್ ನನಗ ಇನ್‌ಬಾಕ್ಸ್‌ಗೆ ಕಳಿಸ್ರಿ. ನಮ್ಮ ಓಣಿ ಗಣಪತಿಗೆ ಈ ವರ್ಷ ಡಿಜೆ ಬದಲಿ ಇವರನ್ನ ಕರೀಬೇಕಂತೀನಿ, ಹುಡುಗರನ್ನ ಒಪ್ಪಿಸೋದು ನನ್ನ ಜವಾಬ್ದಾರಿ.